ಮಾಸ್ಟರ್ ಪ್ಲಾನ್ ಪಾಲನೆ: ‘ಮುಕ್ಕಾಲು ಪಾಲು’ ಎಂಬ ಲೆಕ್ಕ ಎಲ್ಲಿಂದ ಬಂತು?

ಬಳ್ಳಾರಿ ಗಾಂಧಿನಗರದ ಓದುಗರೊಬ್ಬರ ಪತ್ರ: “ಊರು ಮುಕ್ಕಾಲು ಪಾಲು ಮಾಸ್ಟರ್ ಪ್ಲಾನ್ ಪ್ರಕಾರವೇ ಬೆಳೆದಿದೆ ಅಂತಾರೆ. ಆದ್ರೆ ಕೃಷಿ ವಲಯದಾಗ ಮನೆ, ಮನೆ ಸಾಲಿನಾಗ ಜೀನ್ಸ್ ಘಟಕ ಕಣ್ಣಿಗೆ ಕಾಣ್ತಾವ. ಇದನ್ನ ಅಳೆಯೋದು ಹೆಂಗ?”

ಮಾನ್ಯರೆ,

ಯಾವ ಲೆಕ್ಕ ಎಂದು ಹೇಳದೆ ಕೊಟ್ಟ ಶೇಕಡಾವಾರನ್ನು ಒಪ್ಪಬೇಡಿ. ಊರಂಚಿನಲ್ಲಿ 100 ಎಕರೆ ಇದೆ ಎಂದುಕೊಳ್ಳಿ. ಮಾಸ್ಟರ್ ಪ್ಲಾನ್ ಎಂದರೆ ಯಾವ ಜಾಗ ಯಾವುದಕ್ಕೆ ಎಂದು ಗುರುತಿಸುವ ನಕ್ಷೆ. ಅದರಲ್ಲಿ 60 ಎಕರೆ ಹಳದಿ, ಅಂದರೆ ವಸತಿ. ಉಳಿದ 40 ಕೃಷಿ. ಹತ್ತು ವರ್ಷದಲ್ಲಿ ಹಳದಿಯಲ್ಲಿ 30 ಎಕರೆ, ಕೃಷಿ ವಲಯದಲ್ಲಿ 10 ಎಕರೆ ಮನೆಗಳಾದವು. ಕಟ್ಟಿದ 40 ಎಕರೆಯಲ್ಲಿ 30 ಸರಿಯಾದ ಜಾಗದಲ್ಲಿದೆ: ಶೇ 75. ವಸತಿಗೆಂದು ಇಟ್ಟ 60ರಲ್ಲಿ ಆಗಿದ್ದು 30: ಶೇ 50. ಖಾಲಿ ಹೊಲವನ್ನೂ ಸೇರಿಸಿ, ಉಲ್ಲಂಘನೆಯಾಗದ ಜಾಗವನ್ನೆಲ್ಲ ಎಣಿಸಿದರೆ ಶೇ 90! ನೆಲ ಒಂದೇ, ಉತ್ತರ ಮೂರು. ಮೊದಲೆರಡನ್ನು ಜೊತೆಯಲ್ಲೇ ಕೊಡಬೇಕು. ಮೂರನೆಯದು ಖಾಲಿ ಜಮೀನಿನ ಬಲದಿಂದ ಊದಿಕೊಂಡ ಅಂಕಿ.

ಯಾವ ನಕ್ಷೆ ಎಂಬುದೂ ಮುಖ್ಯ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಲ್ಲಿ ಭೂ ಉಪಯೋಗ ಬದಲಾವಣೆಗೆ ದಾರಿಯಿದೆ. ಬದಲಾವಣೆಗಳನ್ನು ಸೇರಿಸಿದ ನಕ್ಷೆ ಇಟ್ಟು ಹೋಲಿಸಿದರೆ ಆ ಜಾಗಗಳೆಲ್ಲ ‘ಯೋಜನೆಯಂತೆ’ ಎಂದೇ ಕಾಣುತ್ತವೆ. ಮೊದಲು ಅನುಮೋದನೆಯಾದ ನಕ್ಷೆಯನ್ನೇ ಹಿಡಿದು, ವ್ಯತ್ಯಾಸಗಳನ್ನು ಅನುಮತಿ ಪಡೆದದ್ದು, ಪಡೆಯದ್ದು ಎಂದು ಬೇರೆ ಮಾಡಬೇಕು. ಎನ್.ಎ. ಆದೇಶ, ಅಂದರೆ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಿದ ಆದೇಶ, ಇದೆ ಎಂದ ಮಾತ್ರಕ್ಕೆ ಬಡಾವಣೆ ನಕ್ಷೆಗೆ ಒಪ್ಪಿಗೆ ಸಿಕ್ಕಿದೆ ಎಂದಲ್ಲ. ಅದು ಬೇರೆ ಕಡತ.

ಸ್ಕ್ಯಾನ್ ಮಾಡಿದ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂಡಿಸುವಾಗ ರೈಲ್ವೆ ಗೇಟು, ಕೆರೆ ಏರಿ, ಮೂರು ಗ್ರಾಮಗಳ ಗಡಿ ಕೂಡುವ ಜಾಗ, ಇಂಥ ಕದಲದ ಗುರುತುಗಳನ್ನೇ ಹಿಡಿಯಿರಿ. 1:10,000 ಅಳತೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 5 ಮೀಟರ್, ಅಂದರೆ 30 ಅಡಿ ರಸ್ತೆಯ ಅರ್ಧಕ್ಕಿಂತ ಹೆಚ್ಚು. ಗೆರೆಯ ಆಸುಪಾಸಿನ ಮನೆಯನ್ನು ಉಲ್ಲಂಘನೆ ಎಂದು ಬರೆಯುವ ಮೊದಲು ಸರ್ವೆ ನಂಬರ್ ನೋಡಿ.

ಜೀನ್ಸ್ ಘಟಕಗಳಂತೂ ಮೇಲಿನಿಂದ ಕಾಣುವುದೇ ಇಲ್ಲ. ಕೆಳಗೆ ಹೊಲಿಗೆ ಯಂತ್ರ, ಮೇಲೆ ಸಂಸಾರ. ಚಿತ್ರದಲ್ಲಿ ಅದು ಬರೀ ಮನೆಯ ಮಾಳಿಗೆ. ಬೀದಿಬೀದಿ ನಡೆದು, ಅಂತಸ್ತುವಾರು ಬರೆದುಕೊಳ್ಳಬೇಕು. ಹೊಲಿಗೆಯನ್ನೂ ವಾಷಿಂಗನ್ನೂ (ಹೊಲಿದ ಜೀನ್ಸ್ ತೊಳೆಯುವ ಕೆಲಸ) ಒಂದೇ ಕಾಲಮಿಗೆ ಹಾಕಬೇಡಿ. ಸಣ್ಣ ಹೊಲಿಗೆ ಕೆಲಸಕ್ಕೆ ವಸತಿ ವಲಯದಲ್ಲೂ ಅವಕಾಶ ಇರಬಹುದು, ವಲಯ ನಿಯಮಾವಳಿಯಲ್ಲಿ ವಿದ್ಯುತ್ ಮತ್ತು ಜಾಗದ ಮಿತಿ ನೋಡಿ. ಬಣ್ಣದ ನೀರು ಚರಂಡಿಗೆ ಬಿಡುವ ವಾಷಿಂಗ್ ಘಟಕದ ಮಾತೇ ಬೇರೆ. ಅದರ ಜಾಗ ಮನೆಗಳ ಸಾಲಲ್ಲ, ಕೈಗಾರಿಕಾ ಪ್ರದೇಶ.

ನಮಗೆ ಹೆಚ್ಚು ಕಳವಳ ತರುವುದು ಉದ್ಯಾನ ಮತ್ತು ರಸ್ತೆ. ಒಟ್ಟು ವಿಸ್ತೀರ್ಣದಲ್ಲಿ ಇವುಗಳ ಪಾಲು ಚಿಕ್ಕದು, ಪೂರ್ತಿ ಕಳೆದುಹೋದರೂ ಸರಾಸರಿ ಅಲುಗಾಡದು. ಆದ್ದರಿಂದ ಇವುಗಳ ಲೆಕ್ಕ ಪ್ರತ್ಯೇಕವಾಗಿರಲಿ. ಖಾಸಗಿ ಜಮೀನಿನ ಮೇಲೆ ಹಸಿರು ಬಣ್ಣ ಹಚ್ಚಿದರೆ ಪಾರ್ಕ್ ಆಗುವುದಿಲ್ಲ. ಐದು ವರ್ಷದೊಳಗೆ ಒಪ್ಪಂದದಿಂದ ಕೊಳ್ಳದಿದ್ದರೆ ಅಥವಾ ಸ್ವಾಧೀನ ಪ್ರಕ್ರಿಯೆ ಶುರು ಮಾಡದಿದ್ದರೆ, 69ನೇ ಕಲಮಿನ ಪ್ರಕಾರ ಆ ಕಾಯ್ದಿರಿಸುವಿಕೆಯೇ ರದ್ದು. ಆಮೇಲೆ ಅಲ್ಲಿ ಮನೆ ಎದ್ದರೆ ಮಾಲೀಕನನ್ನು ದೂರುವುದು ನ್ಯಾಯವಲ್ಲ. ಹಣ ತೆಗೆದಿಡದವರನ್ನು ಕೇಳಬೇಕು.

ಮಾಹಿತಿ ಹಕ್ಕಿನಡಿ ಯೋಜನಾ ಪ್ರಾಧಿಕಾರಕ್ಕೆ ಮೂರನ್ನು ಕೇಳಿ: ಮೂಲ ಅನುಮೋದಿತ ನಕ್ಷೆ, ಸರ್ವೆ ನಂಬರ್ ಸಹಿತ 14-ಎ ಬದಲಾವಣೆಗಳ ಪಟ್ಟಿ, ಉದ್ಯಾನಕ್ಕೆ ಕಾಯ್ದಿರಿಸಿದ ಜಾಗಗಳ ಸ್ವಾಧೀನ ಸ್ಥಿತಿ. ಗಡುವು ಓಡುತ್ತಿರುವುದು ಮೂರನೆಯದಕ್ಕೆ, ಅದನ್ನೇ ಮೊದಲು ತರಿಸಿಕೊಳ್ಳಿ.

– ಸಂಪಾದಕ