‘ಟೊರೆಂಟಾ? ಅದು ಪೈರಸಿ’ ಎಂದರೆ ಒಪ್ಪಿಕೊಳ್ಳಬೇಡಿ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಮಕ್ಕಳಿಗೆ ಯಕ್ಷಗಾನ ಹೇಳಿಕೊಡುತ್ತೇನೆ. ಹೋದ ವರ್ಷ ಊರಿನ ಕೇಬಲ್‌ನವರಿಂದ 100 ಎಂಬಿಪಿಎಸ್ ಫೈಬರ್ ಹಾಕಿಸಿದೆವು. ಯೂಟ್ಯೂಬ್ ಸಲೀಸಾಗಿ ಓಡುತ್ತದೆ. ಆದರೆ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯದಿಂದ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್, ಹಕ್ಕುಸ್ವಾಮ್ಯ ಮುಗಿದ ಧ್ವನಿಮುದ್ರಣ ಇಳಿಸಿಕೊಳ್ಳಲು ಕೂತರೆ ತೆವಳುತ್ತದೆ. ಅಲ್ಲೇ ಕೊಟ್ಟಿರುವ ಟೊರೆಂಟ್ ಹಾಕಿದರೆ ಸ್ವಲ್ಪ ಇಳಿದು ನಿಂತೇಬಿಡುತ್ತದೆ. ಲೈನ್ ನೋಡಿಕೊಳ್ಳುವ ಹುಡುಗನನ್ನು ಕೇಳಿದರೆ, ‘ಟೊರೆಂಟಾ? ಅದು ಪೈರಸಿ ಮಾರಾಯ್ರೆ, ಕಂಪನಿಯವ್ರೇ ಬಂದ್ ಮಾಡಿರ್ತಾರೆ’ ಎಂದ. ನಾನು ತಪ್ಪು ಮಾಡುತ್ತಿದ್ದೇನೆಯೇ?

ಉತ್ತರ: ಇಲ್ಲ. ನೀವು ಮಾಡುತ್ತಿರುವುದರಲ್ಲಿ ತಪ್ಪೇನೂ ಇಲ್ಲ. ಆ ಹುಡುಗನ ಮಾತನ್ನು ಒಪ್ಪಿಕೊಂಡು ಸುಮ್ಮನಾಗಬೇಡಿ.

ಟೊರೆಂಟ್ ಎಂದರೆ ಕಡತ ಸಾಗಿಸುವ ಒಂದು ವಿಧಾನ, ಅಷ್ಟೆ. ನಮ್ಮ ಕಡೆಯ ಮುಯ್ಯಾಳಿನ ಲೆಕ್ಕ ಅದು. ಇಡೀ ಕಡತವನ್ನು ಒಬ್ಬರೇ ಹೊರುವ ಬದಲು ಅದನ್ನು ಇಟ್ಟುಕೊಂಡಿರುವವರೆಲ್ಲ ಚೂರು ಚೂರು ಕೊಡುತ್ತಾರೆ. ಪಡೆದವರು ಮುಂದಿನವರಿಗೆ ಕೊಡುತ್ತಾರೆ. ಕದ್ದ ಸಿನಿಮಾವೂ ಈ ದಾರಿಯಲ್ಲಿ ಹೋಗುತ್ತದೆ, ನಿಜ. ಹಾಗೆಂದು ದಾರಿಯೇ ಕಳ್ಳದಾರಿಯಾಗುವುದಿಲ್ಲ. ಇಂಟರ್ನೆಟ್ ಆರ್ಕೈವ್ 2012ರಿಂದ ತಾನೇ ಟೊರೆಂಟ್ ಒದಗಿಸುತ್ತಿದೆ, ಉಬುಂಟುವಿನಂತಹ ಉಚಿತ ತಂತ್ರಾಂಶಗಳೂ ಹಾಗೆಯೇ ಹಂಚಿಕೆಯಾಗುತ್ತವೆ. ನೀವು ನೋಡಿಕೊಳ್ಳಬೇಕಾದದ್ದು ಕಡತದ ಹಕ್ಕನ್ನು. ನಮ್ಮ ಕಾನೂನಿನಲ್ಲಿ ಪುಸ್ತಕದ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ, ಧ್ವನಿಮುದ್ರಣದ್ದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಅದು ಮುಗಿದಿದ್ದರೆ, ಅಥವಾ ಹಕ್ಕುದಾರರೇ ಹಂಚಲು ಬಿಟ್ಟಿದ್ದರೆ, ಧಾರಾಳವಾಗಿ ಇಳಿಸಿಕೊಳ್ಳಿ.

ನಿಮ್ಮದೇ ಕತೆ ಅಮೆರಿಕದಲ್ಲಿ 2007ರಲ್ಲಿ ನಡೆದಿತ್ತು. ರಾಬ್ ಟೊಪೊಲ್ಸ್ಕಿ ಎಂಬ ತಂತ್ರಜ್ಞರಿಗೆ ಬಾರ್ಬರ್‌ಶಾಪ್ ಗಾಯನದ ಹುಚ್ಚು. ನಾಲ್ವರು ಸೇರಿ ಹಾಡುವ ಹಳೆಯ ಪದ್ಧತಿ ಅದು. ಹಕ್ಕು ಮುಗಿದ ಆ ಹಾಡುಗಳನ್ನು ಟೊರೆಂಟ್‌ನಲ್ಲಿ ಹಂಚಲು ಹೋದರೆ ಸಂಪರ್ಕ ಮತ್ತೆ ಮತ್ತೆ ಕಡಿಯುತ್ತಿತ್ತು. ಜಾಲದಲ್ಲಿ ಮಾಹಿತಿ ಸಾಗುವ ಚೂರುಗಳಾದ ಪ್ಯಾಕೆಟ್‌ಗಳನ್ನೇ ಬಿಚ್ಚಿ ನೋಡಿದಾಗ ಗುಟ್ಟು ಸಿಕ್ಕಿತು: ಕಾಮ್‌ಕಾಸ್ಟ್ ಕಂಪನಿ ಮಧ್ಯೆ ಕೂತು, ‘ಮಾತು ಮುಗಿಯಿತು, ಇಡುತ್ತೇನೆ’ ಎಂಬ ನಕಲಿ ಸಂದೇಶವನ್ನು ಎರಡೂ ಕಡೆಗೆ ಕಳಿಸುತ್ತಿತ್ತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಬೈಬಲ್ ಕಡತವನ್ನೇ ಇಟ್ಟುಕೊಂಡು ಪರೀಕ್ಷಿಸಿದಾಗಲೂ ಇದೇ ಆಯಿತು. 2008ರಲ್ಲಿ ಅಲ್ಲಿನ ಸಂವಹನ ಆಯೋಗ ಕಂಪನಿಯ ವಿರುದ್ಧ ಆದೇಶ ಕೊಟ್ಟಿತು. 2010ರಲ್ಲಿ ನ್ಯಾಯಾಲಯ, ಆಯೋಗಕ್ಕೆ ಆ ಅಧಿಕಾರವಿಲ್ಲ ಎಂದು ಆದೇಶವನ್ನು ರದ್ದು ಮಾಡಿತು.

ಈ ವಿಷಯದಲ್ಲಿ ನಮ್ಮಲ್ಲಿರುವ ನಿಯಮ ಗಟ್ಟಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2017ರ ನವೆಂಬರ್‌ನಲ್ಲಿ ಮಾಡಿದ ಶಿಫಾರಸನ್ನು ದೂರಸಂಪರ್ಕ ಇಲಾಖೆ ಒಪ್ಪಿ, 2018ರ ಸೆಪ್ಟೆಂಬರ್‌ನಲ್ಲಿ ಇಂಟರ್ನೆಟ್ ಕಂಪನಿಗಳ ಲೈಸೆನ್ಸ್ ಷರತ್ತಿಗೇ ಸೇರಿಸಿತು. ಗ್ರಾಹಕರು ಏನು ನೋಡುತ್ತಾರೆ, ಏನು ಇಳಿಸಿಕೊಳ್ಳುತ್ತಾರೆ ಎಂಬುದರ ಮೇಲೆ ತಡೆಯುವುದು, ವೇಗ ತಗ್ಗಿಸುವುದು, ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಮಾಡುವುದು ಕೂಡದು. ದಟ್ಟಣೆಯನ್ನು ನ್ಯಾಯವಾಗಿ ನಿಭಾಯಿಸುವುದಕ್ಕೆ, ಕೋರ್ಟ್ ಅಥವಾ ಸರ್ಕಾರದ ಆದೇಶ ಪಾಲಿಸುವುದಕ್ಕೆ ವಿನಾಯಿತಿ ಇದೆ. ‘ಟೊರೆಂಟ್ ಅಂದ್ರೆ ಪೈರಸಿ’ ಎಂದು ಕಂಪನಿ ತಾನೇ ತೀರ್ಮಾನಿಸಿ ಬಂದ್ ಮಾಡಲು ವಿನಾಯಿತಿ ಇಲ್ಲ.

ಆದರೂ ದೂರು ಬರೆಯುವ ಮೊದಲು ತಡೆಯಿರಿ. ನಿಧಾನ ಎಂದ ಮಾತ್ರಕ್ಕೆ ಬೇಕೆಂದೇ ತಗ್ಗಿಸಿದ್ದಾರೆ ಎಂದಲ್ಲ.

ಯೂಟ್ಯೂಬ್ ಓಡುತ್ತದೆ, ಆರ್ಕೈವ್ ಓಡುವುದಿಲ್ಲ ಎಂಬುದಷ್ಟೇ ಸಾಕ್ಷಿಯಾಗದು. ಹೆಚ್ಚು ಜನ ನೋಡುವ ವಿಡಿಯೊಗಳ ಪ್ರತಿ ಇಟ್ಟುಕೊಳ್ಳುವ ಸರ್ವರ್‌ಗಳನ್ನು ಗೂಗಲ್ ನಮ್ಮ ದೇಶದ ಕಂಪನಿಗಳ ಜಾಲದೊಳಗೇ ಇಟ್ಟಿದೆ. ಊರಿನ ಅಂಗಡಿಯಲ್ಲೇ ಸಿಗುವ ಸಾಮಾನಿದ್ದಂತೆ ಅದು. ಆರ್ಕೈವ್‌ನ ಸರ್ವರ್‌ಗಳು ಇರುವುದು ಕ್ಯಾಲಿಫೋರ್ನಿಯಾ ಕಡೆ. ಅಷ್ಟು ದೂರದಿಂದ ಒಂದೇ ಎಳೆಯಲ್ಲಿ ಬರುವ ಕಡತ, ನಡುವೆ ಒಂದಿಷ್ಟು ಪ್ಯಾಕೆಟ್ ಕಳೆದುಹೋದರೂ ಸೊರಗುತ್ತದೆ. ಟೊರೆಂಟ್‌ಗೂ ಬೇರೆ ಕಾರಣ ಇರಬಹುದು. ಸಣ್ಣ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಐಪಿ ವಿಳಾಸದ (ಜಾಲದಲ್ಲಿನ ಮನೆ ನಂಬರ್ ಇದ್ದಂತೆ) ಹಿಂದೆ ಕೂರಿಸುತ್ತವೆ. ಆಗ ಹೊರಗಿನವರು ನಿಮ್ಮ ಕಂಪ್ಯೂಟರನ್ನು ನೇರವಾಗಿ ಮುಟ್ಟಲಾರರು, ಮುಯ್ಯಾಳು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಆ ಕಡತ ಇಟ್ಟುಕೊಂಡವರೇ ಇಲ್ಲದಿದ್ದರಂತೂ ಏನು ಮಾಡಿದರೂ ಇಳಿಯುವುದಿಲ್ಲ.

ಇನ್ನೊಂದು ನಮ್ಮ ಮಲೆನಾಡಿನದೇ ರೋಗ. ತೀರ್ಥಹಳ್ಳಿ ಹತ್ತಿರದ ಒಂದು ಮನೆಯವರು ಕಂಪನಿ ಬೇಕೆಂದೇ ಸ್ಪೀಡ್ ತಗ್ಗಿಸಿದೆ ಎಂದು ನನ್ನನ್ನು ಕರೆದಿದ್ದರು. ಕಂಬ ಸಾಲದೆ ಅಡಿಕೆ ಮರದಿಂದ ಮರಕ್ಕೆ ಕಟ್ಟಿ ತಂದ ಫೈಬರ್ ಅದು. ಮೀಟರ್ ಇಟ್ಟು ನೋಡಿದರೆ ಫೈಬರ್‌ನಲ್ಲಿ ಬರುವ ಬೆಳಕಿನ ಪವರ್ (ಡಿಬಿಎಂ ಅಳತೆಯಲ್ಲಿ) ಮೈನಸ್ 29ಕ್ಕೆ ಬಿದ್ದಿತ್ತು. ಸಾಮಾನ್ಯವಾಗಿ ಮೈನಸ್ 27 ದಾಟಿ ಇಳಿದರೆ ಫೈಬರ್ ಬಂದು ಸೇರುವ ಮನೆಯ ಬಿಳಿ ಡಬ್ಬಿ ತಡವರಿಸಲು ಶುರು ಮಾಡುತ್ತದೆ. ಲೈನ್ ಹಿಡಿದು ತೋಟದಲ್ಲಿ ನಡೆದೆವು. ಒಂದು ಮರದಲ್ಲಿ ಕಾಳುಮೆಣಸಿನ ಬಳ್ಳಿ ದಪ್ಪವಾಗುತ್ತಾ ಬಂದು, ಕೇಬಲನ್ನು ಕಾಂಡಕ್ಕೆ ಒತ್ತಿ ಮೊಣಕೈಯಂತೆ ಮಡಚಿತ್ತು. ಬಳ್ಳಿ ಬಿಡಿಸಿ ಕೇಬಲ್ ಸಡಿಲ ಮಾಡಿದ ಕೂಡಲೇ ಪವರ್ ಮೈನಸ್ 22ಕ್ಕೆ ಬಂತು. ಆದ್ದರಿಂದ ಮೊದಲು ಲೈನ್‌ನವರಿಂದ ಪವರ್ ಅಳೆಸಿ, ಆ ಅಂಕಿ ಬರೆದಿಟ್ಟುಕೊಳ್ಳಿ.

ಅದು ಸರಿಯಿದ್ದರೆ ಪರೀಕ್ಷೆಗೆ ಇಳಿಯಿರಿ. ವೈಫೈ ಬೇಡ, ಲ್ಯಾನ್ ವೈರ್ ಹಾಕಿ. ಉಬುಂಟುವಿನ ದೊಡ್ಡ ಕಡತವನ್ನು ಒಮ್ಮೆ ಬ್ರೌಸರ್‌ನಲ್ಲಿ ನೇರವಾಗಿ, ಒಮ್ಮೆ ಅದರ ಅಧಿಕೃತ ಟೊರೆಂಟ್‌ನಿಂದ ಇಳಿಸಿ. ಇದಕ್ಕೆ ಹಂಚುವವರ ಕೊರತೆ ಇಲ್ಲದ್ದರಿಂದ ‘ಕೊಡುವವರೇ ಇಲ್ಲ’ ಎಂಬ ಸಬೂಬು ನಡೆಯದು. ನೆನಪಿಡಿ, 100 ಎಂಬಿಪಿಎಸ್ ಎಂದರೆ ಪರದೆಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಕಾಣುತ್ತದೆ. ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ. ಆಮೇಲೆ ನಂಬಿಕಸ್ಥ ವಿಪಿಎನ್ (ನಿಮ್ಮ ಸಂಚಾರವನ್ನು ಮುಚ್ಚಿದ ಕೊಳವೆಯೊಳಗೆ ಸಾಗಿಸುವ ಸೇವೆ) ಹಾಕಿಕೊಂಡು ಅದೇ ಎರಡನ್ನೂ ಮತ್ತೆ ಮಾಡಿ. ವಿಪಿಎನ್‌ನೊಳಗೆ ಏನು ಹೋಗುತ್ತಿದೆ ಎಂಬುದು ಕಂಪನಿಗೆ ಕಾಣುವುದಿಲ್ಲ. ರಾತ್ರಿ ಒಂಬತ್ತಕ್ಕೆ ಒಮ್ಮೆ, ಬೆಳಗಿನ ಜಾವ ಐದಕ್ಕೆ ಒಮ್ಮೆ, ಮೂರು ದಿನ ಹೀಗೆ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ರಾತ್ರಿ ಎಲ್ಲವೂ ನಿಧಾನ, ಬೆಳಗ್ಗೆ ಎಲ್ಲವೂ ವೇಗ ಎಂದಾದರೆ ಅದು ದಟ್ಟಣೆ; ಕಂಪನಿ ತನ್ನ ತಾಕತ್ತು ಮೀರಿ ಗ್ರಾಹಕರನ್ನು ಸೇರಿಸಿಕೊಂಡಿದೆ. ಆದರೆ ಜನ ಮಲಗಿರುವ ಐದು ಗಂಟೆಯಲ್ಲೂ ನೇರ ಡೌನ್‌ಲೋಡ್ 11 ಎಂಬಿ, ಟೊರೆಂಟ್ ಮಾತ್ರ 90 ಕೆಬಿ, ವಿಪಿಎನ್ ಹಾಕಿದ ತಕ್ಷಣ ಟೊರೆಂಟೂ 9 ಎಂಬಿ ಎಂದು ಮೂರೂ ದಿನ ಬಂದರೆ, ಯಾರೋ ನಡುವೆ ಕೈ ಇಟ್ಟಿದ್ದಾರೆ ಎಂದು ಧೈರ್ಯವಾಗಿ ಕೇಳಬಹುದು. ವಿಪಿಎನ್ ಒಮ್ಮೊಮ್ಮೆ ಬೇರೆ ದಾರಿ ಹಿಡಿಯುವುದರಿಂದಲೂ ವೇಗ ಸಿಗಬಹುದು, ಹಾಗಾಗಿ ಒಂದೇ ದಿನದ ಲೆಕ್ಕ ನಂಬಬೇಡಿ. ವಿಡಿಯೊ ಆ್ಯಪ್‌ಗಳ ಬಗ್ಗೆ ಅನುಮಾನವಿದ್ದರೆ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರ ‘ವೀಹಿ’ ಎಂಬ ಉಚಿತ ಆ್ಯಪ್ ಇದೇ ಹೋಲಿಕೆಯನ್ನು ಫೋನ್‌ನಲ್ಲೇ ಮಾಡಿ ತೋರಿಸುತ್ತದೆ.

ನೋಟ್‌ಬುಕ್ ಪುಟದ ಫೋಟೊ ಸಮೇತ ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಪಡೆಯಿರಿ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬೇಕು. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ. ದೂರಸಂಪರ್ಕ ಇಲಾಖೆಗೆ ಕೇಂದ್ರದ ಕುಂದುಕೊರತೆ ಪೋರ್ಟಲ್‌ನಲ್ಲಿ ಬರೆಯಬಹುದು. ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಟೆಲಿಕಾಂ ದೂರುಗಳನ್ನು ಗ್ರಾಹಕ ನ್ಯಾಯಾಲಯ ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಊರಿನ ಕೇಬಲ್‌ನವರು ಬಹುಶಃ ಬೇರೊಂದು ಕಂಪನಿಯ ಫ್ರಾಂಚೈಸಿ. ಲೈಸೆನ್ಸ್ ಯಾರ ಹೆಸರಿನಲ್ಲಿದೆ ಎಂದು ಬಿಲ್ಲಿನಲ್ಲಿ ನೋಡಿ, ದೂರು ಅವರ ಹೆಸರಿಗೇ ಹೋಗಲಿ.

ಪ್ರಶ್ನೆ: ಸಾಗರದಲ್ಲಿ ಓದುತ್ತಿದ್ದೇನೆ. ಕೆಲವು ಜಾಲತಾಣಗಳು ನಮ್ಮ ಪಿಜಿಯ ವೈಫೈನಲ್ಲಿ ತೆರೆಯುವುದೇ ಇಲ್ಲ, ಗೆಳೆಯನ ಮೊಬೈಲ್ ಡೇಟಾದಲ್ಲಿ ತೆರೆಯುತ್ತವೆ. ಅವೇನೂ ಕೆಟ್ಟ ಸೈಟ್‌ಗಳಲ್ಲ. ಏಕೆ ಹೀಗೆ?

ಉತ್ತರ: ಒಳ್ಳೆಯ ಸೈಟ್‌ಗಳೂ ತಡೆಪಟ್ಟಿಗೆ ಬಿದ್ದದ್ದಿದೆ. ಸಿನಿಮಾ ನಿರ್ಮಾಪಕರ ಅರ್ಜಿಯ ಮೇಲೆ ಮದ್ರಾಸ್ ಹೈಕೋರ್ಟ್ 2017ರ ಆಗಸ್ಟ್‌ನಲ್ಲಿ ಕೊಟ್ಟ ಆದೇಶದಲ್ಲಿ 2,600ಕ್ಕೂ ಹೆಚ್ಚು ವಿಳಾಸಗಳಿದ್ದವು, ಅವುಗಳಲ್ಲಿ ಇಂಟರ್ನೆಟ್ ಆರ್ಕೈವ್ ಕೂಡ ಒಂದು. 2022ರಲ್ಲಿ ವಿಡಿಯೊ ನೋಡುವ ಉಚಿತ ತಂತ್ರಾಂಶ ವಿಎಲ್‌ಸಿ ಪ್ಲೇಯರ್‌ನ ಸ್ವಂತ ಜಾಲತಾಣವೇ ದೇಶದ ಹಲವೆಡೆ ತಿಂಗಳುಗಟ್ಟಲೆ ತೆರೆಯಲಿಲ್ಲ. ಇಂಟರ್ನೆಟ್ ಫ್ರೀಡಂ ಫೌಂಡೇಶನ್‌ನ ನೆರವಿನಿಂದ ಲೀಗಲ್ ನೋಟಿಸ್ ಹೋದ ಮೇಲೆ ನವೆಂಬರ್‌ನಲ್ಲಿ ತಡೆ ತೆಗೆದರು. ಒಂದು ಕಂಪನಿ ತಡೆದದ್ದನ್ನು ಇನ್ನೊಂದು ತಡೆಯದಿರುವುದೂ ಉಂಟು.

ನಿಮ್ಮಲ್ಲಿ ಕಾರಣ ಇನ್ನೂ ಸಣ್ಣದಿರಬಹುದು. ಪಿಜಿಯ ಮಾಲೀಕರು ರೂಟರ್‌ನಲ್ಲೇ ಫಿಲ್ಟರ್ ಹಾಕಿದ್ದಾರಾ, ಮೊದಲು ಕೇಳಿ. ಇಲ್ಲವೆಂದರೆ ನಿಮ್ಮ ಲ್ಯಾಪ್‌ಟಾಪ್‌ನ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 1.1.1.1 ಅಥವಾ 8.8.8.8 ಹಾಕಿ ನೋಡಿ. ಆಗ ತೆರೆದರೆ ಕಂಪನಿಯ ಡಿಎನ್‌ಎಸ್ ಕೆಟ್ಟಿದೆ, ಇಲ್ಲವೇ ಅಲ್ಲಿ ತಡೆ ಹಾಕಿದ್ದಾರೆ. ‘ಊನಿ ಪ್ರೋಬ್’ ಎಂಬ ಉಚಿತ ಆ್ಯಪ್ ಯಾವ ಸೈಟ್ ಯಾವ ರೀತಿ ತಡೆಯಲ್ಪಟ್ಟಿದೆ ಎಂದು ತೋರಿಸುತ್ತದೆ. ಆ ಫಲಿತಾಂಶ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ ಎಂಬುದು ಗೊತ್ತಿರಲಿ. ತಡೆ ಖಚಿತವಾದರೆ ಯಾವ ಆದೇಶದ ಮೇಲೆ ತಡೆದಿದ್ದೀರಿ ಎಂದು ಕಂಪನಿಗೆ ಬರೆದು ಕೇಳಿ. ಸಂಪರ್ಕ ಪಿಜಿಯವರ ಹೆಸರಿನಲ್ಲಿರುವುದರಿಂದ ಆ ಪತ್ರಕ್ಕೆ ಅವರ ಸಹಿ ಹಾಕಿಸಿಕೊಳ್ಳಿ.