ಯಾವ ಕೆಲಸ ಎನ್ನುವ ಮೊದಲು, ದುಡ್ಡು ಯಾವತ್ತು ಕೈಗೆ ಬರುತ್ತದೆ ಎಂದು ಕೇಳಿ

ವಯಸ್ಸು 16, ಪ್ರಥಮ ಪಿಯುಸಿ, ಮನೆಯವರಿಗೆ ತಿಳಿಸದೆ ಮುಂದಿನ ವರ್ಷದ ಫೀಸಿಗೆ ದುಡಿಯುವ ಆಸೆ, ಪರಿಚಯದ ಅಡುಗೆ ಕಂಟ್ರಾಕ್ಟರರೊಬ್ಬರು ಮದುವೆಗಳಲ್ಲಿ ಬಡಿಸಲು ಕರೆಯುತ್ತಿದ್ದಾರೆ, ಅಲ್ಲಿಗೆ ಹೋಗುವುದೋ ಡೆಲಿವರಿ ಕೆಲಸ ಹಿಡಿಯುವುದೋ ಎಂದು ಕೇಳಿದ್ದೀರಿ. ಡೆಲಿವರಿಯನ್ನೂ ತರಗತಿಯನ್ನೂ ಬಿಟ್ಟರೆ ಉಳಿದದ್ದೆಲ್ಲ 2005ರ ಬೇಸಿಗೆಯಲ್ಲಿ ನನ್ನದೇ ಕಥೆಯಾಗಿತ್ತು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ನಮ್ಮ ಮನೆ ಬೆಂಗಳೂರಿನ ಶ್ರೀನಗರದಲ್ಲಿ. ಅಪ್ಪ ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದರು. ಪಿಯುಸಿಗೆ ವಿಜ್ಞಾನ ತೆಗೆದುಕೊಳ್ಳಬೇಕು, ಅದರ ಫೀಸಿಗೆ ಅಪ್ಪನ ಮುಂದೆ ಕೈಚಾಚಬಾರದು ಎಂದು ನಾನು ನಿಶ್ಚಯಿಸಿದ್ದೆ. ನಮ್ಮ ಶಾಲೆಯಲ್ಲಿ ನನಗಿಂತ ಎರಡು ವರ್ಷ ಮುಂದಿದ್ದ ಹುಡುಗನೊಬ್ಬ ಹನುಮಂತನಗರದ ಅಡುಗೆ ಕಂಟ್ರಾಕ್ಟರರೊಬ್ಬರ ಬಳಿಗೆ ಕರೆದುಕೊಂಡು ಹೋದ. ಬಸವನಗುಡಿ, ಜಯನಗರದ ಕಲ್ಯಾಣ ಮಂಟಪಗಳಲ್ಲಿ ಹಿಂದಿನ ಸಂಜೆಯ ಆರತಕ್ಷತೆ ಊಟ, ಮರುದಿನ ಮುಹೂರ್ತದ ಊಟ. ಒಂದು ಹೊತ್ತಿಗೆ 80 ರೂಪಾಯಿ. ಮಗ ಇನ್ನೊಬ್ಬರ ಮನೆಯ ಮದುವೆಯಲ್ಲಿ ಬಡಿಸುವುದನ್ನು ನೆಂಟರು ಯಾರಾದರೂ ನೋಡಿದರೆ ಅಪ್ಪನಿಗೆ ಅವಮಾನವಾಗುತ್ತದೆಂದು ಹೆದರಿ, ಸ್ನೇಹಿತನ ಮನೆಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದೇನೆಂದು ಮನೆಯಲ್ಲಿ ಹೇಳಿದೆ.

ಬಡಿಸುವ ಕೆಲಸ ಹಗುರವೆಂದು ನೀವು ಭಾವಿಸಿದ್ದರೆ ಅದನ್ನು ಬಿಟ್ಟುಬಿಡಿ. ಎಲೆಯ ತುದಿ ಉಣ್ಣುವವರ ಎಡಗೈ ಕಡೆಗೆ ಬರುವಂತೆ ಹಾಸಿ, ಉಪ್ಪು, ಕೋಸಂಬರಿ, ಪಲ್ಯಗಳನ್ನು ಅವುಗಳ ಜಾಗದಲ್ಲೇ ಇಟ್ಟು, ಜನ ಕೂರುವ ಹೊತ್ತಿಗೆ ಅನ್ನದ ಪಾತ್ರೆ ಹಿಡಿದು ಸಾಲಿನ ಕೊನೆಯಲ್ಲಿ ಸಿದ್ಧವಾಗಿರಬೇಕು. ಹೊಸಬರಿಗೆ ಮೊದಲು ನೀರಿನ ಜಗ್ಗು, ಆಮೇಲೆ ಉಪ್ಪು, ಉಪ್ಪಿನಕಾಯಿ. ಸಾರಿನ ಬಕೆಟ್ಟು ಕೈಗೆ ಬರಲು ಹಲವು ಮದುವೆಗಳೇ ಬೇಕು. ಆ ಬಕೆಟ್ಟನ್ನು ಮೈಯಿಂದ ದೂರ ಹಿಡಿದೇ ಬಗ್ಗಬೇಕು, ಹತ್ತಿರ ಹಿಡಿದರೆ ಕಾದ ಸ್ಟೀಲು ಮೊಣಕಾಲಿಗೆ ಒತ್ತಿಕೊಳ್ಳುತ್ತದೆ. ಕೊನೆಯ ಪಂಕ್ತಿ ಎದ್ದ ಮೇಲೆ ನಮ್ಮ ಊಟ. ಈ ಕೆಲಸವನ್ನು ನಾನು ಪ್ರೀತಿಯಿಂದಲೇ ಮಾಡಿದೆ, ಮತ್ತು ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲವೆಂದು ಇಂದಿಗೂ ನಂಬಿದ್ದೇನೆ.

ನನ್ನ ತಪ್ಪು ಬೇರೆಯದು. ಅದನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಆ ಹೊತ್ತಿನಲ್ಲಿ ಅದು ತಪ್ಪಿನಂತೆ ಕಾಣಿಸುವುದೇ ಇಲ್ಲ. ಮೊದಲ ಮದುವೆ ಮುಗಿದ ಮಧ್ಯಾಹ್ನ ಕಂಟ್ರಾಕ್ಟರರು ಹಿರಿಯ ಬಡಿಸುವವರಿಗೆ ದುಡ್ಡು ಎಣಿಸಿ ಕೊಟ್ಟು, ನನ್ನ ಕಡೆ ತಿರುಗಿ, "ಚಿಲ್ಲರೆ ಚಿಲ್ಲರೆಯಾಗಿ ಇಸ್ಕೊಂಡ್ರೆ ಖರ್ಚಾಗಿ ಹೋಗುತ್ತೆ ಕಣೋ. ನನ್ನ ಹತ್ರಾನೇ ಇರ್ಲಿ, ಕಾಲೇಜು ಸೇರೋವಾಗ ಒಟ್ಟಿಗೆ ತಗೋ," ಎಂದರು. ನಾನು "ಆಗಲಿ ಅಣ್ಣ" ಎಂದೆ. ಕಳೆದುಕೊಂಡದ್ದೆಲ್ಲ ಆ ಎರಡು ಮಾತಿನಲ್ಲೇ ಹೋಯಿತು.

ಏಕೆ ಒಪ್ಪಿದೆ? ಮೊದಲನೆಯದಾಗಿ, ದುಡ್ಡನ್ನು ಮನೆಗೆ ತಂದರೆ ಇಡಲು ಜಾಗವಿರಲಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಅಮ್ಮನ ಕೈ ತಾಗದ ಡಬ್ಬಿಯಾಗಲಿ ಪುಸ್ತಕವಾಗಲಿ ಇರಲಿಲ್ಲ; ಕೆಲಸವನ್ನು ಬಚ್ಚಿಟ್ಟವನು ದುಡ್ಡನ್ನೂ ಬಚ್ಚಿಡಬೇಕಾಗುತ್ತದೆ, ಬಚ್ಚಿಡಲು ಕಂಟ್ರಾಕ್ಟರರ ಜೇಬಿಗಿಂತ ಅನುಕೂಲವಾದ ಸ್ಥಳ ನನಗೆ ತೋಚಲಿಲ್ಲ. ಎರಡನೆಯದಾಗಿ, ಅವರು ಹೇಳಿದ್ದು ಹಿರಿಯರು ಹೇಳುವ ಬುದ್ಧಿಮಾತಿನಂತೆಯೇ ಇತ್ತು. ನನ್ನ ಅಂಕಗಳ ಬಗ್ಗೆ ವಿಚಾರಿಸುತ್ತಿದ್ದ, ಕೆಲಸ ಮುಗಿದ ಮೇಲೆ ಕಾಫಿ ಕೊಡಿಸುತ್ತಿದ್ದ ವ್ಯಕ್ತಿಯನ್ನು "ಇವತ್ತಿನದು ಇವತ್ತೇ ಕೊಡಿ" ಎಂದು ಕೇಳುವುದು ಕೃತಘ್ನತೆಯೆನಿಸಿತು. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಅವರ ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಡೈರಿಯಿತ್ತು. ಪ್ರತಿ ಮದುವೆಯ ನಂತರ ನನ್ನೆದುರಿಗೇ ಅದನ್ನು ತೆರೆದು ನನ್ನ ಹೆಸರಿನ ಮುಂದೆ ಗೀಟು ಎಳೆಯುತ್ತಿದ್ದರು, ನಾಲ್ಕು ಗೀಟಿಗೆ ಅಡ್ಡವಾಗಿ ಐದನೆಯದು. ಅದನ್ನು ಕಣ್ಣಾರೆ ನೋಡುತ್ತಿದ್ದುದರಿಂದ ಲೆಕ್ಕ ಬರೆದಾಗಿದೆ ಎಂಬ ನೆಮ್ಮದಿ ನನಗಿತ್ತು. ಬರೆದ ಪುಸ್ತಕ ಅವರ ಜೇಬಿಗೇ ಮರಳುತ್ತಿತ್ತೆಂಬುದನ್ನು, ನನ್ನ ಬಳಿ ಒಂದು ಗೀಟೂ ಇರಲಿಲ್ಲವೆಂಬುದನ್ನು ನಾನು ಯೋಚಿಸಲೇ ಇಲ್ಲ. ಒಂದು ನೋಟುಪುಸ್ತಕದಲ್ಲಿ ತಾರೀಕು, ಮಂಟಪದ ಹೆಸರು, ಹೊತ್ತು ಬರೆದು, ಪ್ರತಿ ಬಾರಿ ಅವರ ಒಂದು ಸಹಿ ಹಾಕಿಸಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮೇ ಕೊನೆಯ ಹೊತ್ತಿಗೆ ನನ್ನ ಪ್ರಕಾರ ನಾಲ್ಕು ಸಾವಿರದ ಹತ್ತಿರ ಹತ್ತಿರ ಬರಬೇಕಿತ್ತು. ಜೂನ್‌ನಲ್ಲಿ ಕೇಳಿದಾಗ "ಮುಂದಿನ ಮದುವೆ ಆಗ್ಲಿ" ಎಂದರು, ಆಮೇಲೆ "ಪಾರ್ಟಿಯಿಂದ ಬಾಕಿ ಬರ್ಬೇಕು" ಎಂದರು. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಮದುವೆಯಿಲ್ಲ, ಮದುವೆಯಿಲ್ಲದೆ ಮುಂಗಡವಿಲ್ಲ. ಈ ವ್ಯವಹಾರ ಹೇಗೆ ನಡೆಯುತ್ತದೆಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಸಣ್ಣ ಕಂಟ್ರಾಕ್ಟರರು ಒಂದು ಮದುವೆಯ ಮುಂಗಡದಲ್ಲಿ ಹಿಂದಿನ ಮದುವೆಯ ಸಾಲ ತೀರಿಸುತ್ತಾರೆ. ತರಗುಪೇಟೆಯ ದಿನಸಿ ಅಂಗಡಿಗೆ, ಕಲಾಸಿಪಾಳ್ಯದ ತರಕಾರಿಯವರಿಗೆ ಬಾಕಿ ಉಳಿಸಿದರೆ ಮರುದಿನದ ಸಾಮಾನು ಬರುವುದಿಲ್ಲ. ಮುಖ್ಯ ಅಡುಗೆಯವರಿಗೆ ಉಳಿಸಿದರೆ ಅವರು ಬೇರೆಯವರ ಬಳಿಗೆ ಹೋಗುತ್ತಾರೆ. ಬಾಕಿ ಉಳಿಸಿದರೂ ಸುಮ್ಮನಿರುವವರು ಬಡಿಸುವ ಹುಡುಗರು ಮಾತ್ರ. ನಮ್ಮ ಕಂಟ್ರಾಕ್ಟರರು ಮೊದಲ ದಿನದಿಂದಲೇ ಮೋಸ ಮಾಡಲು ಹೊರಟಿದ್ದರೆಂದು ನಾನು ಹೇಳುವುದಿಲ್ಲ. ನನ್ನ ಕೂಲಿ ಅವರ ಬಂಡವಾಳವಾಗಿ ಅಕ್ಕಿಬೇಳೆಯ ರೂಪದಲ್ಲಿ ಉಂಡುಹೋಗಿತ್ತು. ಕೊನೆಗೊಮ್ಮೆ ಹಿಡಿದು ನಿಲ್ಲಿಸಿ ಕೇಳಿದಾಗ ಡೈರಿ ತೆರೆದರು. ಅದು ಹೊಸ ಡೈರಿ. ಅದರಲ್ಲಿ ನನ್ನ ಹೆಸರಿನ ಮುಂದೆ ಇದ್ದದ್ದು ಆರು ಗೀಟು. ಐನೂರರ ಒಂದು ನೋಟು ಕೊಟ್ಟು, ಲೆಕ್ಕಕ್ಕಿಂತ ಹೆಚ್ಚೇ ಕೊಟ್ಟಿದ್ದೇನೆ ಎಂದರು.

ಕಳೆದುಹೋದದ್ದು ದುಡ್ಡು ಮಾತ್ರವಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನನ್ನ ಫೀಸಿಗೆಂದೇ ಅಪ್ಪ ಮೇ ತಿಂಗಳಲ್ಲಿ ಚೀಟಿ ಕೂಗಿ ಎತ್ತಬೇಕೆಂದುಕೊಂಡಿದ್ದರು. ಸ್ಕಾಲರ್‌ಶಿಪ್ ಬರುತ್ತದೆ, ಚಿಂತೆ ಬೇಡ ಎಂದು ನಾನೇ ತಡೆದೆ. ಆ ತಿಂಗಳ ಚೀಟಿಯನ್ನು ಬೇರೆ ಯಾರೋ ಎತ್ತಿದರು. ನಿಜ ಹೊರಬಿದ್ದಾಗ ನಾನು ಸೇರಬೇಕೆಂದಿದ್ದ ಕಾಲೇಜಿನಲ್ಲಿ ಫೀಸು ಕಟ್ಟುವ ಗಡುವು ಮುಗಿದಿತ್ತು, ಸರ್ಕಾರಿ ಕಾಲೇಜಿನಲ್ಲಿ ವಿಜ್ಞಾನದ ಸೀಟು ತುಂಬಿ ವಾಣಿಜ್ಯ ಮಾತ್ರ ಉಳಿದಿತ್ತು. ವಾಣಿಜ್ಯವನ್ನೇ ಓದಿದೆ. ಈಗ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಾರ್ಮಿಕರ ಹಾಜರಿ ಪುಸ್ತಕವೂ ನನ್ನ ಜವಾಬ್ದಾರಿಯೇ. ನಡೆದದ್ದೆಲ್ಲ ತಿಳಿದ ದಿನ ಅಪ್ಪ ಬೈಯಲಿಲ್ಲ. "ನಂಗೊಂದು ಮಾತು ಹೇಳಿದ್ರೆ ಅವನ ಮನೆ ಬಾಗಿಲಿಗೇ ಹೋಗ್ತಿದ್ನಲ್ಲೋ," ಎಂದರು.

ಆದ್ದರಿಂದ ಬಡಿಸುವುದೋ ಡೆಲಿವರಿಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅದರೊಳಗಿನ "ಮನೆಯವರಿಗೆ ತಿಳಿಸದೆ" ಎಂಬುದನ್ನು ಉಳಿಸಿಕೊಂಡರೆ ಯಾವ ಕೆಲಸವೂ ಒಳ್ಳೆಯದಲ್ಲ. ಕೂಲಿ ಕೊಡದಿದ್ದರೆ ಈ ಹುಡುಗನ ಪರವಾಗಿ ಯಾರೂ ಬರುವುದಿಲ್ಲ ಎಂಬುದು ಕೆಲಸ ಕೊಡುವವರಿಗೆ ಬೇಗನೆ ಗೊತ್ತಾಗಿಬಿಡುತ್ತದೆ.

ಡೆಲಿವರಿಯ ಮಾತು ಇನ್ನೂ ಚಿಕ್ಕದು. ಆ ಆ್ಯಪ್‌ಗಳಿಗೆ ಸೇರಲು 18 ತುಂಬಿರಬೇಕು. ಸ್ನೇಹಿತನ ಅಣ್ಣನ ಐಡಿಯಲ್ಲಿ ಓಡಿಸಬಹುದೆಂದು ಯಾರಾದರೂ ಹೇಳಿದ್ದರೆ, ಅಲ್ಲಿ ದುಡಿಮೆ ನಿಮ್ಮದು, ದುಡ್ಡು ಬೀಳುವುದು ಇನ್ನೊಬ್ಬರ ಖಾತೆಗೆ. ನನ್ನ ಕಂಟ್ರಾಕ್ಟರರ ಜೇಬಿನ ಡೈರಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಅದಲ್ಲದೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ನಿಮ್ಮ ಗುಟ್ಟಿನ ಬೆಲೆಯನ್ನು ಅಪ್ಪ ಅಮ್ಮ ತೆರಬೇಕಾಗುತ್ತದೆ. ಕೆಲಸ ಕೊಡಲು ಮುಂಗಡವಾಗಿ ನೋಂದಣಿ ಶುಲ್ಕ ಕೇಳುವ ಆನ್‌ಲೈನ್ ಕೆಲಸಗಳ ಬಗ್ಗೆ ಬರೆಯುವ ಅಗತ್ಯವೇ ಇಲ್ಲ, ಆ ಕಡೆ ಹೋಗಬೇಡಿ.

ನನ್ನ ಕಾಲದಲ್ಲಿ ಇಲ್ಲದ ಒಂದು ರಕ್ಷಣೆ ನಿಮಗಿದೆ. 1986ರ ಬಾಲ ಹಾಗೂ ಕಿಶೋರ ಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 14ರಿಂದ 18 ವರ್ಷದೊಳಗಿನವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವುದು ಅಪರಾಧವಾಗಿದೆ. ಉಳಿದ ಕೆಲಸಗಳಲ್ಲಿಯೂ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಅವರನ್ನು ದುಡಿಸುವಂತಿಲ್ಲ. 3 ಗಂಟೆಗೊಮ್ಮೆ ಒಂದು ಗಂಟೆಯ ಬಿಡುವು ಕೊಡಬೇಕು. ಬಿಡುವೂ ಸೇರಿ ದಿನಕ್ಕೆ 6 ಗಂಟೆ ಮೀರುವಂತಿಲ್ಲ. ವಾರಕ್ಕೊಂದು ರಜೆ ಇರಬೇಕು. ಹೆಸರು, ಹುಟ್ಟಿದ ದಿನಾಂಕ, ಕೆಲಸದ ವೇಳೆ ಬರೆದ ರಿಜಿಸ್ಟರನ್ನು ಮಾಲೀಕರೇ ಇಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಈ ಲೆಕ್ಕದಲ್ಲಿ ಆರತಕ್ಷತೆಯ ರಾತ್ರಿ ಊಟಕ್ಕೆ ಬಡಿಸುವುದೂ, ನಸುಕಿನಲ್ಲಿ ಪೇಪರ್ ಹಾಕುವುದೂ ನಿಮ್ಮ ವಯಸ್ಸಿಗೆ ಸಲ್ಲುವುದಿಲ್ಲ. ಬೆಂಗಳೂರಿನ ಯಾವ ಬಡಾವಣೆಯಲ್ಲಿಯೂ ಇದನ್ನು ಯಾರೂ ಲೆಕ್ಕಿಸುವುದಿಲ್ಲ ಎಂದು ನೀವು ಹೇಳಬಹುದು. ಲೆಕ್ಕಿಸಬೇಕೆಂದೇ ನಾನು ಹೇಳುತ್ತೇನೆ. ರಾತ್ರಿ ಹನ್ನೊಂದಕ್ಕೆ ಪಾತ್ರೆ ಸಾಗಿಸಿ ಬಂದು ಬೆಳಿಗ್ಗೆ ತರಗತಿಯಲ್ಲಿ ಕೂತರೆ ಪಾಠ ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ.

ಪರಿಚಯದವರ ಬಳಿ ಕೆಲಸ ಮಾಡುವುದು ಸುರಕ್ಷಿತ ಎಂದು ಇಲ್ಲಿಯೇ ಕೆಲವರು ಉತ್ತರಿಸಿದ್ದಾರೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧ. ಅಪರಿಚಿತರ ಬಳಿ ಕೂಲಿ ಕೇಳಲು ನಾಲಿಗೆ ಏಳುತ್ತದೆ, ಅಣ್ಣ ಮಾಮ ಎಂದು ಕರೆಯುವವರ ಬಳಿ ಏಳುವುದಿಲ್ಲ.

ಹಾಗಾದರೆ ಏನು ಮಾಡಬೇಕೆಂದರೆ, ನಾನಾಗಿದ್ದರೆ ಮನೆಪಾಠ ಆರಿಸಿಕೊಳ್ಳುತ್ತಿದ್ದೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಿಂದಾಗಿ ಬೆಂಗಳೂರಿನ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಯಲೇಬೇಕು. ಹೊರಗಿನಿಂದ ಬಂದವರು ತುಂಬಿರುವ ಅಪಾರ್ಟ್‌ಮೆಂಟುಗಳಲ್ಲಿ ಒತ್ತಕ್ಷರದಲ್ಲಿ ಎಡವುವ ಮಕ್ಕಳಿದ್ದಾರೆ, ಮನೆಯಲ್ಲಿ ಹೇಳಿಕೊಡುವವರಿಲ್ಲ. ಸಂಜೆ ಐದರಿಂದ ಆರೂವರೆವರೆಗೆ ಎರಡು ಮೂರು ಮಕ್ಕಳನ್ನು ಕೂರಿಸಿಕೊಂಡು ಕಾಗುಣಿತ, ಪದ್ಯ, ಪ್ರಶ್ನೋತ್ತರ ಮಾಡಿಸಿದರೆ ನಿಮ್ಮ ಓದಿಗೆ ರಾತ್ರಿಯೆಲ್ಲ ಉಳಿಯುತ್ತದೆ. ತಿಂಗಳ ಮೊದಲ ದಿನವೇ ಶುಲ್ಕ ಕೇಳುವುದು ಪಾಠ ಹೇಳುವವರಲ್ಲಿ ರೂಢಿ, ಯಾರೂ ತಪ್ಪು ತಿಳಿಯುವುದಿಲ್ಲ. ಬ್ಯಾಂಕಿನಲ್ಲಿ 10 ವರ್ಷ ತುಂಬಿದವರು, ಬ್ಯಾಂಕು ಹಾಕುವ ಮಿತಿಯೊಳಗೆ, ತಮ್ಮದೇ ಉಳಿತಾಯ ಖಾತೆ ತೆರೆದು ತಾವೇ ನಡೆಸಲು ರಿಸರ್ವ್ ಬ್ಯಾಂಕಿನ ಅನುಮತಿ ಇದೆ. ಮೊದಲು ಅದನ್ನು ತೆರೆಯಿರಿ, ಆಮೇಲೆ ಕೆಲಸ ಹುಡುಕಿ.

ಇಷ್ಟು ಓದಿದ ಮೇಲೂ ಆ ಕಂಟ್ರಾಕ್ಟರರ ಬಳಿಗೇ ಹೋಗುತ್ತೀರಾದರೆ, ಮೊದಲ ದಿನ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ರಜಾದಿನಗಳ ಮಧ್ಯಾಹ್ನದ ಊಟಕ್ಕೆ ಮಾತ್ರ ಒಪ್ಪಿ. ಕೊನೆಯ ಪಂಕ್ತಿ ಮುಗಿದು ಮಂಟಪ ಬಿಡುವ ಮೊದಲು ಕೂಲಿ ಕೈಗೆ ಅಥವಾ ಖಾತೆಗೆ ಬರಬೇಕೆಂದು ಮೊದಲೇ ಹೇಳಿಬಿಡಿ, ತಾರೀಕು ಮತ್ತು ಹೊತ್ತನ್ನು ನಿಮ್ಮದೇ ಪುಸ್ತಕದಲ್ಲಿ ಬರೆದುಕೊಳ್ಳಿ. ಒಂದು ಸಲ "ನಾಳೆ" ಎಂದರೆ ನಾಳೆ ಹೋಗಿ ಕೇಳಿ. ಎರಡನೆಯ ಸಲವೂ "ನಾಳೆ" ಎಂದರೆ ಮೂರನೆಯ ಮದುವೆಗೆ ಹೋಗಬೇಡಿ; ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಇಲಾಖೆಯ ಕಚೇರಿಯಿರುವ ಕಾರ್ಮಿಕ ಭವನಕ್ಕೆ ಮನೆಯ ಹಿರಿಯರೊಂದಿಗೆ ಹೋಗಿ ದೂರು ಕೊಡಿ, ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆ ದೂರಿನ ಜೊತೆಗೆ ಇಡಬೇಕಾದದ್ದು ನೀವು ಬರೆದುಕೊಂಡ ಪುಸ್ತಕವೇ.