ಪೆನ್‌ಡ್ರೈವ್ ಸಿಕ್ಕಿಸಿದರೆ ರ‍್ಯಾಮ್ ಹೆಚ್ಚುತ್ತದೆಯೇ?

4 ಜಿಬಿ ರ‍್ಯಾಮ್‌ (ಕೆಲಸ ನಡೆಯುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಇರುವ ಹಳೇ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿ ವೇಗ ಹೆಚ್ಚಿಸಬಹುದೇ ಅಂತ ಕೇಳಿದ್ದೀರಿ. ದುಡ್ಡು ಉಳಿಯುತ್ತಿತ್ತು ನಿಜ, ಆದರೆ ಪೆನ್‌ಡ್ರೈವ್ ರ‍್ಯಾಮ್ ಆಗುವುದಿಲ್ಲ.

ನೀವು ಹೇಳುತ್ತಿರುವುದು 2007ರಲ್ಲಿ ವಿಂಡೋಸ್ ವಿಸ್ತಾ ಜೊತೆ ಬಂದ ರೆಡಿಬೂಸ್ಟ್ ಎಂಬ ಸೌಲಭ್ಯ. ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ಚೂರುಪಾರು ಫೈಲುಗಳನ್ನು ಹುಡುಕಲು ಅದರ ಹೆಡ್ ಅತ್ತಿಂದಿತ್ತ ಓಡಾಡಬೇಕು. ಆ ಚೂರುಗಳ ನಕಲನ್ನು ಪೆನ್‌ಡ್ರೈವಿನಲ್ಲಿಟ್ಟುಕೊಂಡು ಅಲ್ಲಿಂದ ಓದುತ್ತದೆ, ಅಷ್ಟೇ. 1 ಜಿಬಿ ರ‍್ಯಾಮ್ ಇದ್ದ ಕಾಲಕ್ಕೆ ಸರಿಯಿತ್ತು.

ನಿಧಾನಕ್ಕೆ ಕಾರಣ ಏನು ಅಂತ ನೋಡಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಬ್ರೌಸರಿನಲ್ಲಿ ನಾಲ್ಕೈದು ಟ್ಯಾಬ್ ತೆರೆದ ಕೂಡಲೇ ಮೆಮೊರಿ ಶೇ. 90 ದಾಟಿದರೆ ರ‍್ಯಾಮ್ 8 ಜಿಬಿ ಮಾಡಿಸಿ. ಮೆಮೊರಿ ಬೇಕಾದಷ್ಟಿದ್ದೂ ಡಿಸ್ಕ್ ಶೇ. 100ರಲ್ಲೇ ಕೂತಿದ್ದರೆ, ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ. ಒಂದಕ್ಕೇ ದುಡ್ಡಿದೆ ಅಂದರೆ, ಹಾರ್ಡ್‌ಡಿಸ್ಕ್ ಇರುವ ಯಂತ್ರಕ್ಕೆ ನಾನಂತೂ ಎಸ್‌ಎಸ್‌ಡಿಯನ್ನೇ ಆರಿಸುತ್ತೇನೆ.

ರ‍್ಯಾಮ್ ಕೊಳ್ಳುವ ಮುಂಚೆ ಹಿಂಬದಿ ಮುಚ್ಚಳ ತೆಗೆಸಿ ನೋಡಿ. ತೆಳ್ಳನೆಯ ಎಷ್ಟೋ ಮಾಡೆಲ್‌ಗಳಲ್ಲಿ ಅದು ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಹಳೇ ಪೀಳಿಗೆಯ ಡಿಡಿಆರ್3 ಸ್ಲಾಟಿಗೆ ಅದರ ಮುಂದಿನ ಪೀಳಿಗೆಯ ಡಿಡಿಆರ್4 ಕೂರುವುದೂ ಇಲ್ಲ, ಕಚ್ಚಿನ ಜಾಗವೇ ಬೇರೆ.